ಹುಳಿಗೆ ಒಂದೇ ಹಣ್ಣು ಸಾಕೇ?

ಕಲ್ಲಹಳ್ಳಿಯ ಮೂರನೇ ಮಂಗರಸ ‘ಸೂಪಶಾಸ್ತ್ರ’ ಬರೆದದ್ದು ಹದಿನಾರನೇ ಶತಮಾನದ ಆರಂಭದ ವರ್ಷಗಳಲ್ಲಿ. ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡ ಆ ಕನ್ನಡ ಪದ್ಯಕೃತಿಯಲ್ಲಿ ಬದನೆಕಾಯಿಗೆ ಸಿಕ್ಕಿರುವ ಮರ್ಯಾದೆ ದೊಡ್ಡದು. ಹಿಟ್ಟಿನ ತಿಂಡಿ, ಪಾನಕ, ಅನ್ನದ ಬಗೆಗಳ ಜೊತೆಗೆ ಬದನೆಯನ್ನು ಹೇಗೆಲ್ಲ ಬೇಯಿಸಬಹುದು ಎಂಬುದನ್ನು ಕವಿ ಆಸ್ಥೆಯಿಂದ ಹೇಳುತ್ತಾನೆ. ಬದನೆಯ ಹತ್ತಿರದ ನೆಂಟನಾದ ಟೊಮೆಟೊ ಮಾತ್ರ ಅದರಲ್ಲಿಲ್ಲ. ಹಸಿಮೆಣಸಿನಕಾಯಿಯೂ ಇಲ್ಲ, ಆಲೂಗಡ್ಡೆಯೂ ಇಲ್ಲ. ಅವು ಈ ನೆಲಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ. ಅದಕ್ಕೂ ಸುಮಾರು ನಾಲ್ಕು ಶತಮಾನ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದ ರಾಜಭೋಜನದಲ್ಲೂ ಅವುಗಳ ಸುಳಿವಿಲ್ಲ.

ಮಂಗರಸ ಬದನೆಯ ರುಚಿ ಬಣ್ಣಿಸುತ್ತಿದ್ದ ಕಾಲಕ್ಕೆ ಸಾಗರದಾಚೆ, ಇಂದಿನ ಮೆಕ್ಸಿಕೊ ನಗರವಿರುವ ಜಾಗದಲ್ಲಿ, ಟ್ಲಾಟೆಲೊಲ್ಕೊ ಎಂಬ ಸಂತೆಯಲ್ಲಿ ಟೊಮೆಟೊ ರಾಶಿ ಬೀಳುತ್ತಿತ್ತು. 1519ರ ನವೆಂಬರಿನಲ್ಲಿ ಸ್ಪೇನಿನ ಸಿಪಾಯಿಗಳು ಅಜ್ಟೆಕರ ರಾಜಧಾನಿ ಹೊಕ್ಕರು. ದಿನಕ್ಕೆ 60,000ಕ್ಕೂ ಹೆಚ್ಚು ಜನ ಸೇರುವ ಸಂತೆ ಇಲ್ಲಿದೆ ಎಂದು ಅವರ ಮುಂದಾಳು ಎರ್ನಾನ್ ಕೊರ್ತೆಸ್ ತನ್ನ ದೊರೆಗೆ ಬರೆದ. ಎರಡೇ ವರ್ಷದಲ್ಲಿ ಆ ನಗರವನ್ನು ಅವನೇ ಹಾಳುಗೆಡವಿದ. ಆದರೆ ಅಲ್ಲಿನ ಅಡುಗೆಯ ವಿವರ ಉಳಿಯಿತು. ಬೆರ್ನಾರ್ದಿನೊ ದೆ ಸಹಗುನ್ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಊರಿನ ಹಿರಿಯರನ್ನು ಕೂರಿಸಿಕೊಂಡು, ಅವರದೇ ಭಾಷೆಯಲ್ಲಿ ಕೇಳಿ ಕೇಳಿ ಬರೆಸಿದ 12 ಭಾಗಗಳ ಗ್ರಂಥ ಈಗ ಇಟಲಿಯ ಫ್ಲಾರೆನ್ಸಿನ ಗ್ರಂಥಾಲಯದಲ್ಲಿದೆ. ಅದರಲ್ಲಿ ಟೊಮೆಟೊ ಮಾರುವವರ ಬಗ್ಗೆಯೇ ಒಂದು ತುಣುಕು ಇದೆ. ದೊಡ್ಡದು, ಚಿಕ್ಕದು, ಹಾವಿನ ಹಾಗೆ ಉದ್ದನೆಯದು, ಹಳದಿ, ಕೆಂಪು, ನಸುಗೆಂಪು ಎಂದು ಬಗೆಗಳನ್ನು ಎಣಿಸುತ್ತಾರೆ. ಒಳ್ಳೆಯ ವ್ಯಾಪಾರಿ ಯಾರು, ಕೊಳೆತದ್ದನ್ನೂ ಜಜ್ಜಿದ್ದನ್ನೂ ಕಾಯಿಯನ್ನೂ ಸೇರಿಸಿ ತೂರಿಸುವ ಕೆಟ್ಟ ವ್ಯಾಪಾರಿ ಯಾರು ಎಂದೂ ಹೇಳುತ್ತಾರೆ. ನಮ್ಮ ತರಕಾರಿ ಅಂಗಡಿಯ ಮುಂದೆ ನಿಂತು ಹಣ್ಣು ಆರಿಸುವ ಯಾರಿಗೂ ಈ ಮಾತು ಹೊಸದಲ್ಲ. ಟೊಮೆಟೊ, ಮೆಣಸಿನಕಾಯಿ, ಕುಂಬಳದ ಬೀಜ ಅರೆದ ಖಾರದ ಗೊಜ್ಜನ್ನು ಅಲ್ಲಿ ಮಾಡಿಟ್ಟು ಮಾರುತ್ತಿದ್ದರು.

ಟೊಮೆಟೊದ ಮೂಲ ಅದಕ್ಕೂ ದಕ್ಷಿಣಕ್ಕೆ, ಪೆರು ಮತ್ತು ಈಕ್ವೆಡಾರ್ ದೇಶಗಳ ಆಂಡಿಸ್ ತಪ್ಪಲಿಗೆ ಹೋಗುತ್ತದೆ. ಅಲ್ಲಿ ಬಟಾಣಿ ಗಾತ್ರದ ಕಾಡು ಟೊಮೆಟೊ ಈಗಲೂ ಬೇಲಿಬದಿಯಲ್ಲಿ ಹಬ್ಬುತ್ತದೆ. ಅದು ಉತ್ತರಕ್ಕೆ ಸಾಗಿ, ಮೆಕ್ಸಿಕೊದ ರೈತರ ಕೈಯಲ್ಲಿ ತಲೆಮಾರುಗಟ್ಟಲೆ ಆಯ್ಕೆಗೊಂಡು, ಮುಷ್ಟಿ ತುಂಬುವ ಹಣ್ಣಾಯಿತು. ಯುರೋಪಿನವರು ಕಂಡದ್ದು ಆ ರೈತರು ತಿದ್ದಿ ತೀಡಿ ಬೆಳೆಸಿದ ಬೆಳೆಯನ್ನು. ಟೊಮೆಟೊ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಹಡಗು ಹತ್ತಿದ ಮೇಲಿನ ಕಥೆಯನ್ನೇ ಹೇಳುತ್ತಾರೆ. ಹಡಗು ಬರುವ ಮೊದಲೇ ಮುಖ್ಯವಾದ ಕೆಲಸವೆಲ್ಲ ಮುಗಿದಿತ್ತು.

ಬುಟ್ಟಿ ತೆರೆದು ಮುಖ ನೋಡಿಕೊಂಡವರು

1548ರ ಅಕ್ಟೋಬರ್ 31ರಂದು ಇಟಲಿಯ ಪೀಸಾದಲ್ಲಿದ್ದ ಕೊಸಿಮೊ ದೆ ಮೆಡಿಚಿಯ ಮನೆಗೆ, ಫ್ಲಾರೆನ್ಸಿನ ಹತ್ತಿರದ ಅವನದೇ ತೋಟದಿಂದ ಒಂದು ಬುಟ್ಟಿ ಬಂತು. ಒಳಗೆ ಟೊಮೆಟೊ. ಮನೆವಾರ್ತೆಯವನು ಬರೆದ ಓಲೆ ಉಳಿದಿದೆ. ಬುಟ್ಟಿ ಸುರಕ್ಷಿತವಾಗಿ ತಲುಪಿತು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಯೋಚನೆಗೆ ಬಿದ್ದರು ಎಂಬ ಅರ್ಥದ ಮಾತು ಅದರಲ್ಲಿದೆ. ಹಣ್ಣನ್ನು ಯಾರಾದರೂ ತಿಂದರೇ ಎಂಬುದು ಓಲೆಯಲ್ಲಿಲ್ಲ.

ಅದಕ್ಕೂ ನಾಲ್ಕು ವರ್ಷ ಮೊದಲು, 1544ರಲ್ಲಿ, ಸಿಯೆನಾದ ವೈದ್ಯ ಪಿಯೆತ್ರೊ ಆಂಡ್ರಿಯಾ ಮತ್ತಿಯೊಲಿ ಈ ಹೊಸ ಹಣ್ಣಿನ ಬಗ್ಗೆ ಬರೆದಿದ್ದ. ಅವನು ಇದನ್ನು ಬದನೆಯ ಸಾಲಿಗೆ ಸೇರಿಸಿದ. ಬದನೆಯ ಹಾಗೆಯೇ ಎಣ್ಣೆಯಲ್ಲಿ ಹುರಿದು ಉಪ್ಪು, ಕಾಳುಮೆಣಸು ಹಾಕಿ ತಿನ್ನುತ್ತಾರೆ ಎಂದ. ಮಂಗರಸನ ಕೈಗೆ ಆ ಹಣ್ಣು ಸಿಕ್ಕಿದ್ದರೆ ಅವನೂ ಬಹುಶಃ ಹಾಗೆಯೇ ಮಾಡುತ್ತಿದ್ದ. ನಮ್ಮ ಹಳಬರೂ ಇದನ್ನು ಚಪ್ಪರಬದನೆ ಎಂದೇ ಕರೆಯುತ್ತಿದ್ದರು. ಗಿಡ ಹಬ್ಬುವ ರೀತಿ, ಎಲೆಯ ವಾಸನೆ, ಹೂವಿನ ಆಕಾರ ಬಲ್ಲ ಕಣ್ಣಿಗೆ ನೆಂಟಸ್ತಿಕೆ ಕಾಣುವುದು ಕಷ್ಟವಲ್ಲ.

ಆ ನೆಂಟಸ್ತಿಕೆಯೇ ಯುರೋಪಿನಲ್ಲಿ ಟೊಮೆಟೊಗೆ ಮುಳುವಾಯಿತು. ಅದೇ ಕುಟುಂಬದ ಬೆಲ್ಲಡೋನ ಮೊದಲಾದ ಗಿಡಗಳು ವಿಷ ಎಂಬುದು ಅಲ್ಲಿನ ವೈದ್ಯರಿಗೆ ಗೊತ್ತಿತ್ತು. ನೆಲಕ್ಕೆ ತಾಗಿಕೊಂಡು ಬೆಳೆಯುವ, ನೀರೇ ತುಂಬಿದ ಹಣ್ಣು ಮೈಗೆ ಶೀತ ಎಂದೂ ನಂಬಿದ್ದರು. ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರ ತನ್ನ ಗಿಡಮೂಲಿಕೆ ಗ್ರಂಥದಲ್ಲಿ ಇಡೀ ಗಿಡವೇ ಗಬ್ಬುನಾತ ಎಂದು ಬರೆದುಬಿಟ್ಟ. ಅವನ ಗ್ರಂಥ ಓದಿದ ಇಂಗ್ಲಿಷರು ಬಹುಕಾಲ ಟೊಮೆಟೊವನ್ನು ತೋಟದ ಚಂದಕ್ಕೆ ಬೆಳೆದರೇ ಹೊರತು ಬಾಣಲೆಗೆ ಹಾಕಲಿಲ್ಲ. ಮುಂದೆ ಆ ಇಂಗ್ಲಿಷರೇ ನಮ್ಮೂರಿಗೆ ಇದನ್ನು ತರಕಾರಿಯೆಂದು ಹೊತ್ತು ತಂದರು.

ಅಡುಗೆ ಪುಸ್ತಕದಲ್ಲಿ ಟೊಮೆಟೊ ಸಾಸಿಗೆ ಜಾಗ ಸಿಗಲು ಹದಿನೇಳನೇ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಆಗ ನೇಪಲ್ಸ್ ಸ್ಪೇನಿನ ಆಳ್ವಿಕೆಯಲ್ಲಿತ್ತು. ಅಲ್ಲಿನ ಆಂಟೊನಿಯೊ ಲಾತಿನಿ 1690ರ ದಶಕದಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ‘ಸ್ಪೇನಿನ ಬಗೆಯ ಟೊಮೆಟೊ ಸಾಸ್’ ಎಂದು ಒಂದು ವಿಧಾನವಿದೆ. ಕಳಿತ ಟೊಮೆಟೊ ಆರು ತೆಗೆದುಕೊಂಡು ಕೆಂಡದ ಮೇಲೆ ಸುಡಬೇಕು. ಸಿಪ್ಪೆ ಕರಿಕಾದ ಮೇಲೆ ಜತನದಿಂದ ಸುಲಿದು, ಚಾಕುವಿನಿಂದ ಸಣ್ಣಗೆ ಕೊಚ್ಚಬೇಕು. ಈರುಳ್ಳಿ, ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಸೇರಿಸಿ, ಸುವಾಸನೆಗೆ ತುಸು ಸೊಪ್ಪು ಹಾಕಿ, ಉಪ್ಪು, ಎಣ್ಣೆ, ವಿನೆಗರ್ ಬೆರೆಸಬೇಕು.

ಇದನ್ನು ಓದಿದ ಕೋಲಾರ, ತುಮಕೂರು ಕಡೆಯ ಯಾರಿಗಾದರೂ ಮುದ್ದೆ ನೆನಪಾಗದೆ ಇರದು. ಒಲೆಯ ಕೆಂಡದಲ್ಲಿ ಟೊಮೆಟೊ ಹೊರಳಿಸಿ, ಹಸಿಮೆಣಸನ್ನೂ ಅಲ್ಲೇ ಸುಟ್ಟು, ಕಪ್ಪಾದ ಸಿಪ್ಪೆಯನ್ನು ಬೆರಳ ತುದಿಯಲ್ಲಿ ಬಿಡಿಸಿ, ಉಪ್ಪಿನ ಜೊತೆ ಕೈಯಲ್ಲೇ ಕಿವುಚಿ, ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು ಉದುರಿಸಿದರೆ ಅದೇ ಹಸಿಗೊಜ್ಜು. ಎಣ್ಣೆ, ವಿನೆಗರ್ ಬಿಟ್ಟರೆ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ. ನಮ್ಮ ಹೆಂಗಸರು ಲಾತಿನಿಯ ಪುಸ್ತಕ ನೋಡಿದವರಲ್ಲ, ಲಾತಿನಿ ಮೆಕ್ಸಿಕೊ ಕಂಡವನಲ್ಲ. ಟೊಮೆಟೊ, ಮೆಣಸಿನಕಾಯಿ, ಬೆಂಕಿ ಈ ಮೂರೂ ಒಟ್ಟಿಗೆ ಸಿಕ್ಕ ಕಡೆಯಲ್ಲೆಲ್ಲ ಜನರ ನಾಲಿಗೆ ಒಂದೇ ದಾರಿ ಹಿಡಿದಿದೆ. ಟೊಮೆಟೊ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಇಟಲಿ ಎಂದರೆ ಟೊಮೆಟೊ ಎಂಬ ಇಂದಿನ ನಂಟು ತೀರ ಈಚಿನದು. ನೇಪಲ್ಸಿನ ಬೀದಿಯಲ್ಲಿ ಬಡವರು ಬೇಯಿಸಿದ ಮ್ಯಾಕರೋನಿಯನ್ನು ತುರಿದ ಚೀಸ್ ಉದುರಿಸಿ ಕೈಯಲ್ಲೇ ಎತ್ತಿ ಬಾಯಿಗಿಳಿಸುತ್ತಿದ್ದರು. ಅದರ ಮೇಲೆ ಕೆಂಪು ರಸ ಇರುತ್ತಿರಲಿಲ್ಲ. ಶಾವಿಗೆಯಂಥ ವರ್ಮಿಚೆಲ್ಲಿಗೆ ಟೊಮೆಟೊ ಬೆರೆಸುವ ವಿಧಾನವನ್ನು ಇಪ್ಪೊಲಿತೊ ಕವಾಲ್ಕಾಂತಿ ಬರೆದದ್ದು 1839ರಲ್ಲಿ. ಟೊಮೆಟೊ ಯುರೋಪಿಗೆ ಬಂದು ಆಗಲೇ ಮುನ್ನೂರು ವರ್ಷ ಆಗುತ್ತ ಬಂದಿತ್ತು. ಶ್ರೀಮಂತರ ಹೂದೋಟದಿಂದ ಬಡವರ ಬಟ್ಟಲಿಗೆ ಇಳಿಯಲು ಅಷ್ಟು ಕಾಲ ಹಿಡಿಯಿತು. ಇಳಿದ ಮೇಲೆ ಮಾತ್ರ ಹಿಂದಿರುಗಿ ನೋಡಲಿಲ್ಲ. ಬೇಸಿಗೆಯ ಫಸಲನ್ನು ಚಳಿಗಾಲಕ್ಕೆ ಉಳಿಸಲು ಸಿಸಿಲಿಯ ಹೆಂಗಸರು ಟೊಮೆಟೊ ರಸವನ್ನು ಹಲಗೆಗಳ ಮೇಲೆ ಹರಡಿ, ನಮ್ಮಲ್ಲಿ ಹಪ್ಪಳಕ್ಕೆ ಕಾವಲು ಕೂರುವ ಹಾಗೆ ಬಿಸಿಲಲ್ಲಿ ಕೂತು, ಆಗಾಗ ಕೈಯಾಡಿಸಿ ಗಟ್ಟಿಯಾಗಿಸುತ್ತಿದ್ದರು. ಆಮೇಲೆ ಡಬ್ಬಿ ಬಂತು. ಹತ್ತೊಂಬತ್ತನೇ ಶತಮಾನದ ಕೊನೆಗೆ ದಕ್ಷಿಣ ಇಟಲಿಯ ಲಕ್ಷಾಂತರ ಬಡವರು ಹೊಟ್ಟೆಪಾಡಿಗೆ ಅಮೆರಿಕಕ್ಕೆ ವಲಸೆ ಹೋದರು. ಊರಿನ ರುಚಿಗೆ ಹಾತೊರೆದ ಅವರಿಗಾಗಿಯೇ ಟೊಮೆಟೊ ಡಬ್ಬಿಗಳು ಹಡಗು ಹತ್ತಿದವು. ಕೆಂಪು ಸಾಸನ್ನು ಇಟಲಿಯ ಗುರುತಾಗಿಸಿದವರಲ್ಲಿ ಊರು ಬಿಟ್ಟ ಈ ಜನರ ಪಾಲು ದೊಡ್ಡದು. 1889ರಲ್ಲಿ ರಾಣಿ ಮಾರ್ಗರೀತಾಳಿಗಾಗಿ ಪಿಟ್ಜಾ ಹುಟ್ಟಿತು ಎಂಬ ಕಥೆ ಎಲ್ಲ ಹೋಟೆಲಿನ ಮೆನುವಿನಲ್ಲೂ ಸಿಗುತ್ತದೆ. ಟೊಮೆಟೊ ಮತ್ತು ಚೀಸ್ ಹಾಕಿದ ಪಿಟ್ಜಾ ಅದಕ್ಕೂ ಮೊದಲೇ ನೇಪಲ್ಸಿನ ಬೀದಿಯಲ್ಲಿತ್ತು.

ಹಣ್ಣಿನ ಹೆಗಲ ಮೇಲಿನ ಹಸಿರು

ಅಮೆರಿಕದಲ್ಲಿ ಟೊಮೆಟೊ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆಮದು ತರಕಾರಿಗೆ ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. ಸಸ್ಯಶಾಸ್ತ್ರದ ಪ್ರಕಾರ ಇದು ಹಣ್ಣು, ಆದ್ದರಿಂದ ಕಟ್ಟಿದ ಸುಂಕ ವಾಪಸು ಕೊಡಿ ಎಂದು ನಿಕ್ಸ್ ಮನೆತನದ ವರ್ತಕರು ದಾವೆ ಹೂಡಿದರು. ಜನ ಇದನ್ನು ಊಟದ ಜೊತೆ ತಿನ್ನುತ್ತಾರೆ, ಊಟವಾದ ಮೇಲೆ ಹಣ್ಣಿನಂತೆ ತಿನ್ನುವುದಿಲ್ಲ, ಹಾಗಾಗಿ ಸುಂಕದ ಮಟ್ಟಿಗೆ ಇದು ತರಕಾರಿ ಎಂದು 1893ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಡುಗೆಮನೆಯ ರೂಢಿಗೆ ಕೋರ್ಟು ಮಣಿದ ಅಪರೂಪದ ಪ್ರಕರಣವಿದು.

ಅದಕ್ಕಿಂತ ನಮಗೆ ಹತ್ತಿರದ ಸಂಗತಿ ಇಪ್ಪತ್ತನೇ ಶತಮಾನದಲ್ಲಿ ನಡೆದದ್ದು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಟೊಮೆಟೊ ಕೀಳಲು ಮೆಕ್ಸಿಕೊದಿಂದ ಕೂಲಿಗಳನ್ನು ಕರೆತರುತ್ತಿದ್ದ ವ್ಯವಸ್ಥೆ 1964ರಲ್ಲಿ ಕೊನೆಗೊಂಡಿತು. ಅಷ್ಟರಲ್ಲಿ ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ ತಳಿತಜ್ಞ ಜಾಕ್ ಹ್ಯಾನ ಮತ್ತು ಎಂಜಿನಿಯರ್ ಕೋಬಿ ಲೊರೆಂಜನ್ ಜೊತೆಯಾಗಿ ಕೊಯ್ಲಿನ ಯಂತ್ರವನ್ನೂ ಯಂತ್ರಕ್ಕೆ ಒಗ್ಗುವ ಹಣ್ಣನ್ನೂ ಸಿದ್ಧಪಡಿಸಿದ್ದರು. ಗಿಡದಲ್ಲಿರುವ ಹಣ್ಣೆಲ್ಲ ಒಟ್ಟಿಗೆ ಮಾಗಬೇಕು, ಯಂತ್ರದ ಏಟಿಗೆ ಒಡೆಯಬಾರದು, ಸಿಪ್ಪೆ ದಪ್ಪವಿರಬೇಕು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರ್ಖಾನೆ ಟೊಮೆಟೊ ಹೆಚ್ಚೂಕಡಿಮೆ ಪೂರ್ತಿ ಯಂತ್ರದ ಪಾಲಾಯಿತು. ತಿನ್ನುವವರ ನಾಲಿಗೆಯನ್ನು ಈ ಲೆಕ್ಕದಲ್ಲಿ ಯಾರೂ ಕೇಳಲಿಲ್ಲ.

ರುಚಿ ಎಲ್ಲಿ ಸೋರಿಹೋಯಿತು ಎಂಬುದಕ್ಕೆ ಒಂದು ಖಚಿತ ಉತ್ತರ 2012ರಲ್ಲಿ ಸಿಕ್ಕಿತು. ಕಾಯಿಯಿರುವಾಗ ಹಳೆಯ ತಳಿಗಳ ತೊಟ್ಟಿನ ಸುತ್ತ ಗಾಢ ಹಸಿರು ಪಟ್ಟಿ ಇರುತ್ತದೆ. ಬೆಳೆಗಾರರು ಅದನ್ನು ಹಣ್ಣಿನ ಹೆಗಲು ಎನ್ನುತ್ತಾರೆ. ಮಾಗಿದ ಮೇಲೂ ಅಲ್ಲಿ ಹಸಿರು ಹಳದಿ ಮಚ್ಚೆ ಉಳಿಯುವುದುಂಟು. ನೋಡಲು ಚಂದವಿಲ್ಲವೆಂದು ತಳಿತಜ್ಞರು ದಶಕಗಟ್ಟಲೆ ಅದನ್ನು ತೆಗೆಯುತ್ತ ಬಂದರು. ಇಡೀ ಕಾಯಿ ಒಂದೇ ತೆಳು ಹಸಿರಾಗಿ, ಆಮೇಲೆ ಇಡೀ ಹಣ್ಣು ಒಂದೇ ಕೆಂಪಾಗುವ ತಳಿಗಳು ಪ್ರಪಂಚವನ್ನೆಲ್ಲ ಆವರಿಸಿದವು. ಡೇವಿಸ್‌ನ ಆನ್ ಪೊವೆಲ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಆ ಹಸಿರು ಹೆಗಲನ್ನು ಕೊಡುವ ವಂಶವಾಹಿಯೇ ಕಾಯಿಯೊಳಗೆ ಬಿಸಿಲು ಹಿಡಿದು ಸಕ್ಕರೆ ಕೂಡಿಸುವ ಕೆಲಸಕ್ಕೂ ನೆರವಾಗುತ್ತದೆ. ಚಂದಕ್ಕಾಗಿ ಹಸಿರನ್ನು ತೆಗೆದವರು ಗೊತ್ತಿಲ್ಲದೆ ಸಿಹಿಯನ್ನೂ ತೆಗೆದಿದ್ದರು.

ನಮ್ಮ ಸಂತೆಯಲ್ಲಿ ‘ನಾಟಿ’ ಬೇಕೋ ‘ಫಾರಂ’ ಬೇಕೋ ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಯ ಹಿಂದೆಯೂ ಇಂಥದ್ದೇ ಕಾರಣವಿದೆ. ನಾಟಿ ಎಂಬುದು ಕೂಡ ಎಲ್ಲಿಂದಲೋ ಬಂದದ್ದೇ. ಆದರೆ ಅಡ್ಡ ಕೊಯ್ದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನಾಟಿಯೊಳಗೆ ಕೋಣೆಗಳು ಹೆಚ್ಚು, ಪ್ರತಿ ಕೋಣೆಯಲ್ಲೂ ಬೀಜ, ಬೀಜದ ಸುತ್ತ ಲೋಳೆ. ಫಾರಂ ಹಣ್ಣಿನಲ್ಲಿ ಎರಡು ಮೂರು ಕೋಣೆ, ಗೋಡೆಯೇ ದಪ್ಪ. ಟೊಮೆಟೊದ ಹುಳಿಯೂ, ಸಾರಿಗೆ ರುಚಿ ಕಟ್ಟಿಕೊಡುವ ಗ್ಲುಟಮೇಟ್ ಅಂಶವೂ ಹೆಚ್ಚಾಗಿರುವುದು ಆ ಲೋಳೆಯಲ್ಲಿ. ಗೋಡೆ ದಪ್ಪವಾದಷ್ಟೂ ಹಣ್ಣು ಲಾರಿಯಲ್ಲಿ ದೂರ ಹೋಗುತ್ತದೆ, ಲೋಳೆ ಕಡಿಮೆಯಾದಷ್ಟೂ ಸಾರು ಸಪ್ಪೆಯಾಗುತ್ತದೆ. ತಿಳಿಸಾರಿಗೆ ನಾಟಿಯೇ ಬೇಕು ಎಂದು ಹಟ ಹಿಡಿಯುವ ಅಜ್ಜಿಯಂದಿರು ಹೇಳುವುದು ಪೂರಾ ಸತ್ಯ.

ನಮ್ಮ ಒಲೆಗೆ ಬಂದ ಬಗೆ

ಪೋರ್ಚುಗೀಸರ ಹಡಗುಗಳು ಮೆಣಸಿನಕಾಯಿ, ಗೋಡಂಬಿ, ಅನಾನಸ್ ತಂದವು. ಮೆಣಸಿನಕಾಯಿ ತಡಮಾಡದೆ ಊರೂರು ಸುತ್ತಿ ಕಾಳುಮೆಣಸಿನ ಜಾಗವನ್ನೇ ಹಿಡಿಯಿತು. ಟೊಮೆಟೊ ಹಾಗೆ ಹಬ್ಬಲಿಲ್ಲ. ಬ್ರಿಟಿಷ್ ಅಧಿಕಾರಿ ಜಾರ್ಜ್ ವಾಟ್ 1889ರಿಂದ 1893ರ ನಡುವೆ ಹೊರತಂದ ಭಾರತದ ಸಸ್ಯಸಂಪತ್ತಿನ ಕೋಶದಲ್ಲಿ, ಟೊಮೆಟೊವನ್ನು ಇಲ್ಲಿ ಮುಖ್ಯವಾಗಿ ಯುರೋಪಿನವರಿಗಾಗಿ ಬೆಳೆಯುತ್ತಾರೆ, ದೇಶದ ಜನ ಈಗೀಗ ಅದರ ರುಚಿ ಕಾಣುತ್ತಿದ್ದಾರೆ, ಬಂಗಾಳಿಗಳೂ ಬರ್ಮೀಯರೂ ಹುಳಿ ಸಾರಿಗೆ ಬಳಸುತ್ತಾರೆ ಎಂದು ಬರೆದ. ಅಂದರೆ ನೂರಮೂವತ್ತು ವರ್ಷದ ಹಿಂದೆಯೂ ಇದು ನಮ್ಮ ಹಣ್ಣಾಗಿರಲಿಲ್ಲ. ಬೆಂಗಳೂರಿನ ದಂಡು ಪ್ರದೇಶದಂಥ ಕಡೆ, ದೊರೆಗಳ ಊಟದ ಮೇಜಿಗೆ ಕೋಸು, ಬೀಟ್‌ರೂಟ್ ಬೆಳೆಯುತ್ತಿದ್ದ ಕಾಲ ಅದು.

ಇಷ್ಟು ತಡವೇಕೆ? ನನಗೆ ತೋರುವ ಕಾರಣ ಸರಳ. ನಮಗೆ ಹುಳಿಯ ಕೊರತೆ ಇರಲಿಲ್ಲ. ಮೈಸೂರು ಸೀಮೆಯಲ್ಲಿ ಹುಣಸೆ, ಹುಣಸೆ ಚಿಗುರು, ಹೇರಳೆಕಾಯಿ. ಕರಾವಳಿಯಲ್ಲಿ ಪುನರ್ಪುಳಿ, ಬಿಂಬುಳಿ, ಅಮಟೆಕಾಯಿ, ದಾರೆಹುಳಿ. ಮಲೆನಾಡಿನಲ್ಲಿ ಉಪ್ಪಾಗೆ, ವಾಟೆ, ಕಂಚಿಕಾಯಿ, ಅಪ್ಪೆಮಿಡಿಯ ಅಪ್ಪೆಹುಳಿ. ಕೊಡಗಿನಲ್ಲಿ ಹಂದಿಮಾಂಸಕ್ಕೆ ಕಪ್ಪು ಕಾಚಂಪುಳಿ. ಉತ್ತರದ ಬಯಲಿನಲ್ಲಿ ರೊಟ್ಟಿಯ ಜೊತೆಗೆ ಪುಂಡಿಪಲ್ಯ. ಎಲ್ಲ ಕಡೆಯೂ ನಿಂಬೆ, ನೆಲ್ಲಿ, ಮಾವಿನಕಾಯಿ, ಹುಳಿಮಜ್ಜಿಗೆ. ಬೇಳೆಗೊಂದು ಹುಳಿ, ಸೊಪ್ಪಿಗೊಂದು ಹುಳಿ, ಮೀನಿಗೆ ಮತ್ತೊಂದು. ಪುನರ್ಪುಳಿಯ ಸಾರು ಬಿಸಿಲಿನ ದಾಹಕ್ಕೆ, ಉಪ್ಪಾಗೆಯ ಹುಳಿ ಮೀನಿಗೆ. ಯಾವ ಹುಳಿ ಎಲ್ಲಿ ಎಂಬ ತಿಳಿವಳಿಕೆ ಪ್ರತಿ ಮನೆಯಲ್ಲೂ ಇತ್ತು. ಇಷ್ಟು ಶ್ರೀಮಂತವಾದ ಹುಳಿಯ ಲೋಕಕ್ಕೆ ಬಂದು ನಿಂತ ಹೊಸಬನಿಗೆ ಮಣೆ ಹಾಕುವ ಅವಸರ ಯಾರಿಗಿತ್ತು?

ಆ ಹಳೆಯ ಅಡುಗೆಯನ್ನು ಈಗಲೂ ನೋಡಬೇಕೆಂದರೆ ತಿಥಿಯ ಊಟಕ್ಕೆ ಹೋಗಬೇಕು. ಅನೇಕ ಸಂಪ್ರದಾಯಸ್ಥ ಮನೆಗಳಲ್ಲಿ ಶ್ರಾದ್ಧದ ದಿನ ಟೊಮೆಟೊ, ಆಲೂಗಡ್ಡೆ, ಕೋಸು ಒಲೆಯ ಹತ್ತಿರ ಸುಳಿಯುವಂತಿಲ್ಲ. ಬಾಳೆಕಾಯಿ, ಹಾಗಲ, ಕಾಳುಮೆಣಸು, ಹುಣಸೆ ಇಷ್ಟರಲ್ಲೇ ಅಡುಗೆ ಮುಗಿಯುತ್ತದೆ. ಪುರಿಯ ಜಗನ್ನಾಥನ ಮಹಾಪ್ರಸಾದದಲ್ಲೂ ಟೊಮೆಟೊ, ಆಲೂಗಡ್ಡೆಗೆ ಪ್ರವೇಶವಿಲ್ಲ. ಹಿರಿಯರು ಉಣ್ಣದೆ ಇದ್ದದ್ದನ್ನು ಹಿರಿಯರಿಗೆ ಬಡಿಸುವುದಿಲ್ಲ ಎಂಬ ಈ ನಿಯಮವನ್ನು ಮಡಿಯ ದೃಷ್ಟಿಯಿಂದ ನೋಡುವವರು ನೋಡಲಿ. ನನಗೆ ಅದು ಐನೂರು ವರ್ಷ ಹಿಂದಿನ ರುಚಿಯನ್ನು ಕೆಡದಂತೆ ಕಾಪಾಡಿದ ಉಪಾಯವಾಗಿ ಕಾಣುತ್ತದೆ. ತಿಥಿಯ ಸಾರು ರುಚಿಯಾಗಿರುತ್ತದೆ ಎಂದು ಉಂಡವರೆಲ್ಲ ಹೇಳುತ್ತಾರೆ. ಟೊಮೆಟೊ ಇಲ್ಲದೆಯೂ ಸಾರು ಸಾರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮತ್ತೆ ಗೆದ್ದದ್ದು ಹೇಗೆ? ಪೇಟೆಯ ಅಡುಗೆಮನೆಯಿಂದ. ಹುಣಸೆಯನ್ನು ನೆನೆಹಾಕಬೇಕು, ಕಿವುಚಬೇಕು, ನಾರು ಸೋಸಬೇಕು. ಟೊಮೆಟೊ ಹೆಚ್ಚಿ ಹಾಕಿದರೆ ಮುಗಿಯಿತು. ಹುಳಿಯ ಜೊತೆಗೆ ಬಣ್ಣ ಕೊಡುತ್ತದೆ, ಮಂದ ಕೊಡುತ್ತದೆ, ಬೇಳೆ ಕಡಿಮೆ ಬಿದ್ದರೂ ಸಾರು ತುಂಬಿದ ಹಾಗೆ ಕಾಣುತ್ತದೆ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯಬೇಕಾದ ಹೆಂಗಸಿಗೆ ಇದಕ್ಕಿಂತ ದೊಡ್ಡ ಉಪಕಾರಿ ಬೇರೆ ಇಲ್ಲ. ದರ್ಶಿನಿಗಳ ಟೊಮೆಟೊ ಬಾತ್, ಕಡಲೆಹಿಟ್ಟಿನ ಟೊಮೆಟೊ ಆಮ್ಲೆಟ್ ಬಂದವು. ಹುಬ್ಬಳ್ಳಿ ಧಾರವಾಡದ ಕಡೆ ಟೊಮೆಟೊ ಕಾಯಿಯನ್ನೇ ಹುರಿದು ಶೇಂಗಾ, ಎಳ್ಳು ಸೇರಿಸಿ ಕುಟ್ಟುವ ಚಟ್ನಿ ರೊಟ್ಟಿಗೆ ಜೋಡಿಯಾಯಿತು. ದೇಶ ವಿಭಜನೆಯ ನಂತರ ದೆಹಲಿಯ ಪಂಜಾಬಿ ಹೋಟೆಲುಗಳಲ್ಲಿ ರೂಪುಗೊಂಡ ಕೆಂಪು ಗ್ರೇವಿ ದಕ್ಷಿಣಕ್ಕೂ ಇಳಿಯಿತು. ಇವುಗಳಲ್ಲಿ ಯಾವುದನ್ನೂ ನಾನು ಕೀಳೆನ್ನುವುದಿಲ್ಲ. ಕಾಯಿ ಟೊಮೆಟೊ ಚಟ್ನಿಯಂಥ ಅಡುಗೆಯನ್ನು ಕಂಡುಕೊಂಡ ಕೈಗೆ ನಮಸ್ಕಾರ. ಆದರೆ ಸೇರಿಕೊಂಡ ಟೊಮೆಟೊ ಒಂದು ತಲೆಮಾರಿನೊಳಗೆ ಉಳಿದ ಹುಳಿಗಳನ್ನೆಲ್ಲ ಹಿತ್ತಲಿಗೆ ತಳ್ಳಿತು. ಬೆಂಗಳೂರಿನಲ್ಲಿ ಬೆಳೆದ ಎಷ್ಟೋ ಮಕ್ಕಳು ಅಮಟೆಕಾಯಿಯನ್ನು ಕೈಯಲ್ಲಿ ಹಿಡಿದು ಇದೇನೆಂದು ಕೇಳುತ್ತಾರೆ.

ಬಾಕ್ಸಿನ ಬೆಲೆ

ಹೀಗೆ ಒಂದೇ ಹಣ್ಣಿಗೆ ಆತುಕೊಂಡದ್ದರ ಪರಿಣಾಮ ಕೋಲಾರದಲ್ಲಿ ಕಣ್ಣಿಗೆ ರಾಚುತ್ತದೆ. ಅಲ್ಲಿನ ಎಪಿಎಂಸಿಗೆ ಏಷ್ಯಾದ ಎರಡನೇ ದೊಡ್ಡ ಟೊಮೆಟೊ ಮಾರುಕಟ್ಟೆ ಎಂಬ ಹೆಸರಿದೆ. 15 ಕೆ.ಜಿ. ಬಾಕ್ಸುಗಳು ಸಾಲುಸಾಲಾಗಿ ಏರುತ್ತವೆ. ಹರಾಜು ಕೂಗುವವನ ಹಿಂದೆ ಹೊರರಾಜ್ಯದ ವ್ಯಾಪಾರಿಗಳು ಮಂಡಿಯಿಂದ ಮಂಡಿಗೆ ಸರಿಯುತ್ತಾರೆ. ದೂರ ಹೋಗಬೇಕಾದ ಹಣ್ಣನ್ನು ಬಣ್ಣ ತಿರುಗುವ ಹೊತ್ತಿಗೇ ಕಿತ್ತಿರುತ್ತಾರೆ. ಉತ್ತರದ ಊರುಗಳಿಗೆ ಅದು ಲಾರಿಯಲ್ಲೇ ಹಣ್ಣಾಗುತ್ತ ಹೋಗುತ್ತದೆ.

ನದಿಯ ಆಸರೆಯಿಲ್ಲದ ಜಿಲ್ಲೆಯದು. ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರನ್ನು ಹನಿ ಹನಿಯಾಗಿ ಬಿಟ್ಟು, ಮಲ್ಚಿಂಗ್ ಹಾಳೆ ಹಾಸಿ, ನರ್ಸರಿಯ ಸಸಿ ನೆಟ್ಟು, ಕಡ್ಡಿ ಊರಿ, ದಾರ ಕಟ್ಟಿ ಗಿಡ ಎತ್ತಿ ನಿಲ್ಲಿಸುತ್ತಾರೆ. ಎಕರೆಗೆ ಲಕ್ಷ ದಾಟುವ ಖರ್ಚು. ಬಿಳಿನೊಣ ಹೊತ್ತು ತರುವ ಎಲೆ ಮುಟುರು ನಂಜು, ಮಳೆ ಹಿಡಿದರೆ ಅಂಗಮಾರಿ, 2014ರಲ್ಲಿ ದೇಶಕ್ಕೆ ಬಂದು ಕಾಯಿ ಕೊರೆಯುವ ಟೂಟಾ ಹುಳು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ‘ಅರ್ಕಾ ರಕ್ಷಕ್’ ತಳಿ ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುತ್ತದೆ. ನಂಜು ತಡೆಯುವ ಇಂಥ ಗುಣಗಳನ್ನು ತಳಿತಜ್ಞರು ಹುಡುಕಿ ತಂದದ್ದು ದಕ್ಷಿಣ ಅಮೆರಿಕದ ಅದೇ ಕಾಡು ಟೊಮೆಟೊಗಳಿಂದ. ಚಾರ್ಲ್ಸ್ ರಿಕ್ ಎಂಬ ವಿಜ್ಞಾನಿ ಜೀವಮಾನವಿಡೀ ಆಂಡಿಸ್ ಅಲೆದು ಬೀಜ ಕೂಡಿಸಿಡದಿದ್ದರೆ ಟೊಮೆಟೊ ಬೆಳೆಗಾರರ ಪಾಡು ಇನ್ನೂ ಕಷ್ಟವಿತ್ತು.

ರೋಗಕ್ಕೆ ತಳಿ ಸಿಕ್ಕಿತು, ಬೆಲೆಗೆ ಮದ್ದು ಸಿಗಲಿಲ್ಲ. 2021ರ ಮೇ ತಿಂಗಳ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಕೋಲಾರದ ರೈತರು ಟೊಮೆಟೊವನ್ನು ರಸ್ತೆಬದಿಗೆ ಸುರಿದರು. ಎರಡು ವರ್ಷ ಕಳೆದು 2023ರ ಜುಲೈನಲ್ಲಿ ಅದೇ ಮಾರುಕಟ್ಟೆಯಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿತು. ಹೊಲಕ್ಕೆ ರಾತ್ರಿ ಕಾವಲು ಬಂತು, ಹಾಸನದ ಕಡೆ ಹೊಲದ ಫಸಲೇ ಕಳುವಾಯಿತು. ಕೇಂದ್ರ ಸರ್ಕಾರ ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಿಂದ ಕೊಂಡು ದೆಹಲಿಯಲ್ಲಿ ಕೆ.ಜಿ.ಗೆ 90 ರೂಪಾಯಿಯಂತೆ ಮಾರಿಸಿತು, ನೇಪಾಳದಿಂದಲೂ ತರಿಸಿತು. ಜಗತ್ತಿನಲ್ಲಿ ಚೀನಾ ಬಿಟ್ಟರೆ ಅತಿ ಹೆಚ್ಚು ಟೊಮೆಟೊ ಬೆಳೆಯುವ, ವರ್ಷಕ್ಕೆ ಸುಮಾರು ಎರಡು ಕೋಟಿ ಟನ್ ಬೆಳೆಯುವ ದೇಶದ ಸ್ಥಿತಿಯಿದು.

ಬೆಲೆ ಹೀಗೆ ಕುಣಿಯಲು ಕಾರಣ ಹಣ್ಣಿನ ಗುಣದಲ್ಲೇ ಇದೆ. ಈರುಳ್ಳಿಯಂತೆ ಇದನ್ನು ಕೂಡಿಡಲಾಗದು. ಬೇಸಿಗೆಯ ಝಳಕ್ಕೆ ಹೂವು ಉದುರುತ್ತದೆ, ಮುಂಗಾರಿಗೆ ರೋಗ ಬೀಳುತ್ತದೆ, ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಪ್ರತಿ ವರ್ಷವೂ ಆವಕ ಇಳಿಯುತ್ತದೆ. ಬೆಲೆ ಏರಿದ್ದು ನೋಡಿ ಎಲ್ಲರೂ ನೆಡುತ್ತಾರೆ. ಎರಡೂವರೆ ತಿಂಗಳಾದ ಮೇಲೆ ಎಲ್ಲರ ಹಣ್ಣೂ ಒಂದೇ ವಾರ ಮಂಡಿಗೆ ಬರುತ್ತದೆ. ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ 2018ರ ಬಜೆಟ್ಟಿನಲ್ಲಿ 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಘೋಷಣೆಯಾಯಿತು. ಆದರೂ ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಸೇರುವುದು ಸುಮಾರು 33 ಪೈಸೆ ಎಂದು ರಿಸರ್ವ್ ಬ್ಯಾಂಕಿನ 2024ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಬಾಕ್ಸಿಗೆ 2,000 ಸಿಕ್ಕ ವಾರದ ಚಿತ್ರ ಟಿವಿಯಲ್ಲಿ ಬರುತ್ತದೆ. 50 ರೂಪಾಯಿಗೂ ಕೇಳುವವರಿಲ್ಲದೆ, ಕೀಳುವ ಕೂಲಿಯೂ ಹುಟ್ಟದೆಂದು ಗಿಡದಲ್ಲೇ ಹಣ್ಣು ಬಿಟ್ಟ ವಾರಗಳು ಅದಕ್ಕಿಂತ ಎಷ್ಟೋ ಹೆಚ್ಚು.

ಶೀತಲ ಸರಪಳಿ, ಸಂಸ್ಕರಣಾ ಘಟಕ, ಬೆಂಬಲ ಬೆಲೆ ಇವೆಲ್ಲ ಸರ್ಕಾರ ಮಾಡಬೇಕಾದ ಕೆಲಸ. ರೈತರು ವರ್ಷಗಳಿಂದ ಕೇಳುತ್ತಿದ್ದಾರೆ, ಕೊಡಲೇಬೇಕು. ಅಡುಗೆಮನೆ ಮಾಡಬಹುದಾದದ್ದೂ ಒಂದಿದೆ. ಟೊಮೆಟೊ ಬೆಲೆ ಬಿದ್ದ ವಾರ, ನೆರೆಹೊರೆಯ ಎರಡು ಮೂರು ಮನೆ ಸೇರಿ ರೈತರಿಂದಲೇ ಒಂದು ಬಾಕ್ಸ್ ಕೊಳ್ಳಿ. ತೊಕ್ಕು ಮಾಡಿ ಎಣ್ಣೆ ತೇಲುವಂತೆ ಭರಣಿಯಲ್ಲಿಡಿ, ಬಿಸಿಲಿದ್ದರೆ ಹೋಳು ಮಾಡಿ ಒಣಗಿಸಿ. ಜುಲೈ ಬಂದು ಬೆಲೆ ನೂರು ದಾಟಿದಾಗ ಅಂಗಡಿಯವನ ಜೊತೆ ಜಗಳ ಬೇಡ. ಅದು ಅಮಟೆಕಾಯಿ ಸಂತೆಗೆ ಬರುವ ಕಾಲ. ಪುನರ್ಪುಳಿಯ ಒಣ ಸಿಪ್ಪೆ ವರ್ಷವಿಡೀ ಸಿಗುತ್ತದೆ. ನಿಮ್ಮ ಬೀದಿಯ ತರಕಾರಿ ಅಂಗಡಿಯಲ್ಲಿ ಅವು ಇಲ್ಲದಿದ್ದರೆ ಬಾಯಿ ಬಿಟ್ಟು ಕೇಳಿ. ನಾಲ್ಕು ಜನ ಕೇಳಿದರೆ ಐದನೇ ದಿನ ಅವನು ತಂದಿಡುತ್ತಾನೆ.